31 ದಿನದ ಲೆಕ್ಕ, ಒಂದೇ ಹಾಳೆಯಲ್ಲಿ

ಬನ್ನಂಜೆಯಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ವಿಷಯ ಸ್ವಲ್ಪ ಒಣ ಅಂತ ಕಾಣ್ಬಹುದು, ಆದ್ರೆ ದುಡ್ಡಿನ ವಿಷಯ. ಅಗಲದ ಎಕ್ಸೆಲ್ ಶೀಟನ್ನು ಓದ್ಲಿಕ್ಕೆ ಆಗುವ ಹಾಗೆ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆಯುವುದು ಹೇಗೆ?

ದಿನದ ಲೆಕ್ಕ ನಮ್ಮೂರಿಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬರ್ತಿದ್ರು. 2020ರಲ್ಲಿ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು, ಪಿಗ್ಮಿ ಅನ್ನುವ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ಈಗ ಸಣ್ಣ ಉಳಿತಾಯ ಗುಂಪುಗಳೂ ಇಂಥದ್ದೇ ಪಟ್ಟಿ ಇಡ್ತವೆ. ಹೆಸರು, ಖಾತೆ ನಂಬ್ರ, 31 ದಿನ, ಒಟ್ಟು. ಅಲ್ಲಿಗೆ 34 ಕಾಲಂ. ಎಕ್ಸೆಲ್ ತಾನಾಗಿ ಕೊಡುವ ಅಗಲ ಕಾಲಂಗೆ ಸುಮಾರು 1.7 ಸೆಂ.ಮೀ., ಹೆಸರಿಗೆ 4 ಅಂತ ಹಿಡಿದ್ರೆ ಒಟ್ಟು 60 ಸೆಂ.ಮೀ. ಎ4 ಹಾಳೆ ಅಡ್ಡ ಇಟ್ರೂ 29.7. ಹಾಗೇ ‘ಫಿಟ್’ ಒತ್ತಿದ್ರೆ 11ರ ಅಕ್ಷರ 5ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಹೇಗೋ ತಡ್ಕೊಳ್ತದೆ ಮಾರಾಯ್ರೆ, ಕನ್ನಡ ಇಲ್ಲ. ‘ಪುಷ್ಪಾ’ ಅಂತ ಬರೆದು ನೋಡಿ, ಷ ಯಾವುದು ಪ ಯಾವುದು ಗೊತ್ತಾಗ್ಲಿಕ್ಕಿಲ್ಲ, ಒತ್ತಕ್ಷರ ಬರೀ ಚುಕ್ಕೆ. ಕನ್ನಡಕ ಹಾಕಿದ ಅಮ್ಮಂದಿರು ತಮ್ಮ ಹಣ ಜಮೆ ಆಗಿದೆಯಾ ಅಂತ ನೋಡುವ ಕಾಗದ ಅದು. ಅವರಿಗೇ ಓದ್ಲಿಕ್ಕೆ ಬರದಿದ್ರೆ ಲೆಕ್ಕ ಬರೆದವರನ್ನು ನಂಬುವುದು ಬಿಟ್ಟು ಬೇರೆ ದಾರಿಯೇ ಇಲ್ಲ.

ಹಾಗಾಗಿ ಮೊದಲು ಕುಗ್ಗಿಸ್ಬೇಕಾದ್ದು ಕಾಲಂ, ಅಕ್ಷರ ಅಲ್ಲ. ತಲೆಸಾಲಿನಲ್ಲಿ ಪೂರ್ತಿ ತಾರೀಕು ಯಾಕೆ? ತಿಂಗಳ ಹೆಸರು ಮೇಲೆ ಒಮ್ಮೆ ಬರೆದು, ಕೆಳಗೆ 1, 2, 3 ಅಂತ ಹಾಕಿ. ದಿನದ ಕಾಲಂ ಅಗಲ 4 ಮಾಡಿ. ಮೊತ್ತದಲ್ಲಿ ಅಲ್ಪವಿರಾಮ, ಪೈಸೆ ಇಟ್ಕೊಂಡ್ರೆ ಹ್ಯಾಶ್ ಚಿಹ್ನೆಗಳ ಸಾಲು ಬರ್ತದೆ, ಅದನ್ನು ತೆಗೀರಿ. ಈಗ ಒಟ್ಟು ಅಗಲ 34–35 ಸೆಂ.ಮೀ. ಆಮೇಲೆ ಪೇಜ್ ಲೇಔಟ್‌ನಲ್ಲಿ ಲ್ಯಾಂಡ್‌ಸ್ಕೇಪ್, ಮಾರ್ಜಿನ್ ನ್ಯಾರೋ, ವಿಡ್ತ್ 1 ಪೇಜ್, ಹೈಟ್ ಆಟೋಮ್ಯಾಟಿಕ್. ಅಕ್ಷರ 9ರಲ್ಲಿ ನಿಲ್ತದೆ. ಹೈಟ್ ಕೂಡ 1 ಅಂತ ಕೊಡ್ಬೇಡಿ, ಸದಸ್ಯರು ಹೆಚ್ಚಾದಷ್ಟೂ ಎಲ್ಲರ ಹೆಸರೂ ಸಣ್ಣದಾಗ್ತದೆ. ಎರಡನೇ ಪುಟ ಬಂದ್ರೆ ಬರ್ಲಿ, ಪ್ರಿಂಟ್ ಟೈಟಲ್ಸ್‌ನಲ್ಲಿ ತಲೆಸಾಲು ಆರಿಸಿದ್ರೆ ಅದು ಪ್ರತಿ ಪುಟದಲ್ಲೂ ಬರ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಲೀಗಲ್ ಹಾಳೆ ಉಂಟಾ ಕೇಳಿ, ಅದು 35.6 ಸೆಂ.ಮೀ. ಇರುವುದರಿಂದ ಹೆಚ್ಚುಕಡಿಮೆ ಕುಗ್ಗಿಸದೆಯೇ ಹಿಡಿಸ್ತದೆ.

ಹತ್ತು ಜನರ ಗುಂಪಾದ್ರೆ ನಾನು ಬೇರೆಯೇ ಹೇಳ್ತೇನೆ. ಮೇಲೆ 1ರಿಂದ 15, ಅದರ ಕೆಳಗೆ ಮತ್ತೆ ಹೆಸರು ಬರೆದು 16ರಿಂದ 31. ಒಂದೇ ಎ4, ಅಕ್ಷರ 11ರಲ್ಲೇ. ನೋಡ್ಲಿಕ್ಕೆ ಎಕ್ಸೆಲ್ ಪಂಡಿತರಿಗೆ ಸರಿ ಕಾಣ್ಲಿಕ್ಕಿಲ್ಲ, ಪರವಾಗಿಲ್ಲ.

ಅಂಗಡಿಗೆ ವಾಟ್ಸಾಪ್‌ನಲ್ಲಿ ಎಕ್ಸೆಲ್ ಫೈಲ್ ಕಳಿಸ್ಬೇಡಿ, ಅಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ರೆ ಅಗಲವೆಲ್ಲ ಬದಲಾಗ್ತದೆ. ಪಿಡಿಎಫ್ ಮಾಡಿ ಕಳಿಸಿ. ಮೊದಲು ಒಂದೇ ಪ್ರತಿ ತೆಗೆಸಿ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರ ಕೈಗೆ ಕೊಟ್ಟು ಅವರ ಸಾಲು ಓದ್ಲಿಕ್ಕೆ ಹೇಳಿ. ಆಮೇಲೆ ಉಳಿದ ಪ್ರತಿ.