ಸ್ಕೂಟರಿನ ಶಾಕ್ ಅಬ್ಸಾರ್ಬರ್: ಆಯ್ಕೆ ಮತ್ತು ಆರೈಕೆ



ಮಾನ್ವಿಯಿಂದ ರಾಯಚೂರಿಗೆ ಸುಮಾರು 45 ಕಿಲೋಮೀಟರು. ದೇವದುರ್ಗದಿಂದ ಸುಮಾರು 55. ಆಸ್ಪತ್ರೆಗೆಂದೋ ಕಾಲೇಜಿನ ಪ್ರವೇಶಕ್ಕೆಂದೋ ಈ ದಾರಿಯಲ್ಲಿ ಅಪ್ಪನ ಸ್ಕೂಟರಿನ ಹಿಂದೆ ಕುಳಿತು ಹೋಗಿ ಬಂದವರು ನಿಮ್ಮಲ್ಲಿ ಹಲವರಿರಬಹುದು. ಇಳಿದಾಗ ಸೊಂಟ ಹಿಡಿದುಕೊಂಡರೆ ನಾವು ರಸ್ತೆಯನ್ನು ಬೈಯುತ್ತೇವೆ. ಆ ಬೈಗುಳದಲ್ಲಿ ಒಂದು ಪಾಲು ಸ್ಕೂಟರಿನ ಶಾಕ್ ಅಬ್ಸಾರ್ಬರಿಗೂ ಸಲ್ಲಬೇಕು. ಗ್ಯಾರೇಜಿನ ಮಾತಿನಲ್ಲಿ ಬರೀ 'ಶಾಕ್' ಎನಿಸಿಕೊಳ್ಳುವ ಈ ಭಾಗದ ಕಡೆಗೆ, ಅದು ಪೂರ್ತಿ ಕೈಕೊಡುವವರೆಗೂ ಯಾರೂ ತಿರುಗಿ ನೋಡುವುದಿಲ್ಲ.

ಮೊದಲು ನಮ್ಮ ನೆಲವನ್ನು ನೋಡೋಣ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಸೀಮೆಯ ಬಹುಭಾಗ ಎರೆ ಭೂಮಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆ ವರ್ಷ ವರ್ಷವೂ ಅಲೆಯಲೆಯಾಗುತ್ತದೆ. ಇದರ ಜೊತೆಗೆ, ಕಾಲುವೆ ನೀರಿನಲ್ಲಿ ಬೆಳೆದ ಭತ್ತ ಹೇರಿಕೊಂಡು ಅಕ್ಕಿ ಗಿರಣಿಗಳಿಗೆ ಓಡಾಡುವ ಲಾರಿಗಳ ಭಾರವೂ ಇದೆ. ಸ್ಕೂಟರಿನ ಗಾಲಿಯಾದರೋ ಚಿಕ್ಕದು. ಮೋಟಾರ್ ಸೈಕಲ್ಲಿನ ದೊಡ್ಡ ಗಾಲಿ ದಾಟಿ ಹೋಗುವ ಗುಂಡಿಯೊಳಕ್ಕೆ ಸ್ಕೂಟರಿನ ಗಾಲಿ ಇಳಿದೇಬಿಡುತ್ತದೆ. ಆದ್ದರಿಂದ ಸ್ಕೂಟರಿನ ಶಾಕಿಗೆ ಇಲ್ಲಿ ದುಡಿಮೆ ಹೆಚ್ಚು.

ಈ ಭಾಗದಲ್ಲಿ ಏನಿದೆ? ಎರಡು ವಸ್ತುಗಳು, ಎರಡು ಬೇರೆ ಬೇರೆ ಕೆಲಸಗಳು. ಹೊರಗೆ ಕಾಣುವ ಸ್ಪ್ರಿಂಗು ಭಾರವನ್ನು ಹೊರುತ್ತದೆ, ಹೊಡೆತ ಬಿದ್ದಾಗ ಕುಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಎಷ್ಟು ಭಾರವೋ ಅಷ್ಟು ಕುಗ್ಗುವುದು ಅದರ ಗುಣ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ಈ ನಿಯಮವನ್ನು ನೀವು ಪಾಠದಲ್ಲಿ ಓದಿದ್ದೀರಿ. ಆದರೆ ಸ್ಪ್ರಿಂಗು ಪಡೆದದ್ದನ್ನು ಹಾಗೆಯೇ ಹಿಂದಿರುಗಿಸುತ್ತದೆ. ಅದೊಂದೇ ಇದ್ದರೆ ಸ್ಕೂಟರು ಒಂದು ಗುಂಡಿಗೆ ಹತ್ತು ಸಲ ಕುಣಿದೀತು. ಆ ಕುಣಿತವನ್ನು ನಿಲ್ಲಿಸುವುದು ಒಳಗಿನ ಕೊಳವೆ. ಅದರಲ್ಲಿ ಎಣ್ಣೆ, ಎಣ್ಣೆಯಲ್ಲಿ ಸಣ್ಣ ರಂಧ್ರಗಳಿರುವ ಪಿಸ್ಟನ್ ಇರುತ್ತವೆ. ಪಿಸ್ಟನ್ ಸರಿದಾಗ ಎಣ್ಣೆ ಆ ರಂಧ್ರಗಳಲ್ಲಿ ಕಷ್ಟಪಟ್ಟು ನುಸುಳಬೇಕಾಗುತ್ತದೆ. ಚಲನಶಕ್ತಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ. ದೂರ ಪ್ರಯಾಣದ ನಂತರ ಶಾಕು ಬೆಚ್ಚಗಿರುವುದು ಇದರಿಂದಲೇ.

ಸ್ಕೂಟರುಗಳಿಗೆ ಇವೆಲ್ಲ ಮೊದಲಿನಿಂದಲೂ ಇರಲಿಲ್ಲ. ವಿಮಾನಗಳ ಎಂಜಿನಿಯರ್ ಕೊರಾಡಿನೊ ದಾಸ್ಕಾನಿಯೊ ರೂಪಿಸಿದ ವೆಸ್ಪಾ ಇಟಲಿಯಲ್ಲಿ 1946ರಲ್ಲಿ ಬಂದಿತು. ಅದರ ಹಿಂಗಾಲಿಗೆ ಸ್ಪ್ರಿಂಗಿನ ವ್ಯವಸ್ಥೆ ದೊರೆತದ್ದು 1948ರ 125 ಸಿ.ಸಿ. ಮಾದರಿಯಲ್ಲಿ. ಅದೇ ವಂಶದ ಬಜಾಜ್ ಚೇತಕ್ 1972ರಿಂದ ನಮ್ಮ ಮನೆಗಳ ಮುಂದೆ ನಿಂತಿತು.

ಈಗ ಒಂದು ಚಿಕ್ಕ ಲೆಕ್ಕ. ಸವಾರನ ಭಾರಕ್ಕೆ ಸ್ಪ್ರಿಂಗು ತನ್ನ ಸಹಜ ಉದ್ದಕ್ಕಿಂತ 5 ಸೆಂಟಿಮೀಟರ್ ಕುಗ್ಗಿತೆಂದು ಇಟ್ಟುಕೊಳ್ಳಿ. ಈ 0.05 ಮೀಟರನ್ನು ಗುರುತ್ವವೇಗೋತ್ಕರ್ಷ 9.8ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಗುಣಿಸಿದರೆ ಸುಮಾರು 0.45 ಸೆಕೆಂಡು ಬರುತ್ತದೆ. ಇದು ಸ್ಕೂಟರಿನ ಒಂದು ಆಂದೋಲನದ ಕಾಲ. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರು. ಅಂದರೆ 0.45 ಸೆಕೆಂಡಿನಲ್ಲಿ ಸ್ಕೂಟರು ನಾಲ್ಕೂವರೆ ಮೀಟರ್ ಸಾಗುತ್ತದೆ. ರಸ್ತೆಯ ಅಲೆಗಳು ಸರಿಯಾಗಿ ಅಷ್ಟೇ ಅಂತರದಲ್ಲಿದ್ದರೆ ಪ್ರತಿಯೊಂದು ಅಲೆಯೂ ಹಿಂದಿನ ಕುಣಿತಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಇದೇ ಅನುರಣನ. ಎಣ್ಣೆ ಸರಿಯಾಗಿದ್ದರೆ ಅದು ಈ ಕುಣಿತವನ್ನು ಅಡಗಿಸುತ್ತದೆ. ಎಣ್ಣೆ ಸೋರಿಹೋಗಿದ್ದರೆ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ.

ನೆಲ ಮುಟ್ಟದ ಗಾಲಿಗೆ ಬ್ರೇಕ್ ಹಿಡಿದು ಏನು ಪ್ರಯೋಜನ? ತಿರುವಿನಲ್ಲಿ ಅದು ಹಿಡಿತ ಕೊಟ್ಟೀತೇ? ಶಾಕ್ ಕೆಟ್ಟರೆ ಸೊಂಟಕ್ಕೆ ಮಾತ್ರ ನೋವು ಎಂದುಕೊಳ್ಳಬೇಡಿ. ಎಮ್ಮೆಯೋ ಮಗುವೋ ರಸ್ತೆಗೆ ಅಡ್ಡ ಬಂದಾಗ ಸ್ಕೂಟರು ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಕೆಟ್ಟಿರುವುದನ್ನು ಕಂಡುಹಿಡಿಯುವುದು ಹೇಗೆ? ಸ್ಕೂಟರನ್ನು ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡ್ ತೆಗೆದು ನೇರವಾಗಿ ಹಿಡಿದುಕೊಳ್ಳಿ. ಸೀಟಿನ ಹಿಂಭಾಗವನ್ನು ಬಲವಾಗಿ ಕೆಳಕ್ಕೆ ಒತ್ತಿ ಬಿಡಿ. ಅದು ಮೇಲೆದ್ದು ಒಂದೇ ಸಲಕ್ಕೆ ನೆಲೆಗೊಂಡರೆ ಚಿಂತೆಯಿಲ್ಲ. ಎರಡು ಮೂರು ಸಲ ತೂಗಾಡಿದರೆ ಎಣ್ಣೆಯ ಕೆಲಸ ಮುಗಿದಿದೆ ಎಂದು ತಿಳಿಯಿರಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಒತ್ತಿ ಮುಂಭಾಗವನ್ನೂ ಹೀಗೆಯೇ ನೋಡಬಹುದು. ಬಳಿಕ ಒಳಗಿನ ಕಂಬಿಯನ್ನು ಗಮನಿಸಿ. ಅಲ್ಲಿ ಧೂಳು ಎಣ್ಣೆಯಲ್ಲಿ ಕಲೆತು ಕಪ್ಪಗೆ ಅಂಟಿದ್ದರೆ ಆಯಿಲ್ ಸೀಲ್ ಸೋರುತ್ತಿದೆ. ಚಿಕ್ಕ ಗುಂಡಿಗೂ 'ಟಕ್' ಎಂಬ ಸದ್ದು ಬಂದರೆ ರಬ್ಬರ್ ಬುಷ್ ಸವೆದಿರಬಹುದು. ಟೈರು ಅಲ್ಲಲ್ಲಿ ತಗ್ಗುತಗ್ಗಾಗಿ ಸವೆಯುವುದೂ ಇನ್ನೊಂದು ಸೂಚನೆ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಎಣ್ಣೆ ತೆಳುವಾಗುವುದರಿಂದ, ಚಳಿಗಾಲದಲ್ಲಿ ಹೇಗೋ ನಡೆದುಕೊಂಡು ಹೋದ ದುರ್ಬಲ ಶಾಕು ಏಪ್ರಿಲ್-ಮೇ ತಿಂಗಳಲ್ಲಿ ಸೋತುಬಿಡುತ್ತದೆ.

ಹೊಸದನ್ನು ಕೊಳ್ಳುವಾಗ 'ಗಟ್ಟಿಯಾದದ್ದು ಕೊಡಿ' ಎಂದು ಕೇಳುವ ವಾಡಿಕೆ ಇದೆ. ಇದು ತಪ್ಪು. ಅತಿ ಗಟ್ಟಿಯಾದ ಸ್ಪ್ರಿಂಗು ಕುಗ್ಗುವುದೇ ಇಲ್ಲ; ಹೊಡೆತವನ್ನು ನೇರವಾಗಿ ಚಾಸಿಗೂ ನಿಮ್ಮ ಬೆನ್ನಿಗೂ ದಾಟಿಸುತ್ತದೆ. ನಿಮ್ಮ ಸ್ಕೂಟರಿನ ಮಾದರಿಗೆಂದೇ ತಯಾರಾದದ್ದನ್ನು ಬಿಲ್ಲಿನೊಂದಿಗೆ ಕೊಳ್ಳಿ. ಎರಡು ತುದಿಗಳ ಕಣ್ಣಿನ ನಡುವಿನ ಉದ್ದ ಮತ್ತು ಬುಷ್‌ನ ಅಳತೆ ಹಳೆಯದಕ್ಕೆ ಸರಿಹೊಂದಬೇಕು. ಉದ್ದ ಬದಲಾದರೆ ಸ್ಕೂಟರಿನ ನಿಲುವೇ ಬದಲಾಗುತ್ತದೆ. ಹಿಂಗಾಲಿಗೆ ಎರಡು ಶಾಕುಗಳಿದ್ದರೆ ಜೋಡಿಯಾಗಿಯೇ ಬದಲಿಸಿ. ಅನಿಲ ತುಂಬಿದ ಶಾಕುಗಳೂ ದೊರೆಯುತ್ತವೆ. ಒತ್ತಡದಲ್ಲಿರುವ ನೈಟ್ರೋಜನ್ ಎಣ್ಣೆ ನೊರೆಯಾಗದಂತೆ ತಡೆಯುವುದರಿಂದ ಉದ್ದದ ಕೆಟ್ಟ ದಾರಿಯಲ್ಲಿ ಅವು ಹೆಚ್ಚು ಹೊತ್ತು ಬಾಳುತ್ತವೆ.

ಕೆಲವು ಶಾಕುಗಳ ಕೆಳಗೆ ತಿರುಗಿಸುವ ಬಳೆಯಿದ್ದು, ಅದರಲ್ಲಿ ಮೆಟ್ಟಿಲುಗಳಿರುತ್ತವೆ. ಅದನ್ನು ಏರಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಹಿಂದೆ ಭಾರ ಬಿದ್ದಾಗ ತಗ್ಗಿದ ಸ್ಕೂಟರು ತನ್ನ ಎತ್ತರಕ್ಕೆ ಬರುತ್ತದೆ, ಅಷ್ಟೇ. ಇಬ್ಬರು ಹೋಗುವಾಗ ಏರಿಸಿ, ಒಬ್ಬರೇ ಇದ್ದಾಗ ಇಳಿಸಿ. ಮೂವರು ಕೂರುವುದಕ್ಕೆ ಯಾವ ಮೆಟ್ಟಿಲೂ ಇಲ್ಲ!

ಆರೈಕೆಯ ಮಾತು ಸುಲಭ. ಟೈರಿನ ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಕಂಬಿಗೆ ಮೆತ್ತಿದ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಮಣ್ಣಿನ ಕಣಗಳು ಸೀಲನ್ನು ಕೊರೆಯುತ್ತವೆ. ತೊಳೆದ ಮೇಲೆ ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ಪದ್ಧತಿಯನ್ನು ಬಿಡಿಸಿ. ಅದು ರಬ್ಬರನ್ನು ಕೆಡಿಸುತ್ತದೆ. ಬ್ರೇಕಿಗೆ ತಾಗಿದರೆ ಅಪಾಯ. ಇನ್ನೊಂದು ಎಚ್ಚರಿಕೆ: ಕುತೂಹಲಕ್ಕೆಂದು ಶಾಕನ್ನು ಮನೆಯಲ್ಲಿ ಬಿಚ್ಚಬೇಡಿ. ಒತ್ತಿ ಕೂರಿಸಿದ ಸ್ಪ್ರಿಂಗು ಚಿಮ್ಮಿದರೆ ಕಣ್ಣೋ ಬೆರಳೋ ಹೋದೀತು. ಬಿಚ್ಚುವ ಕೆಲಸ ಸರಿಯಾದ ಸಲಕರಣೆ ಇರುವ ಮೆಕ್ಯಾನಿಕ್‌ಗೆ ಬಿಡಿ.

ಲೈಸೆನ್ಸ್ ಇಲ್ಲದವರು ಸ್ಕೂಟರ್ ಓಡಿಸಬಾರದು. ಆದರೆ ಮನೆಯ ಸ್ಕೂಟರನ್ನು ಪರೀಕ್ಷಿಸಲು ಲೈಸೆನ್ಸ್ ಬೇಕಿಲ್ಲ. ಈ ಭಾನುವಾರ ಅಪ್ಪನನ್ನೋ ಅಕ್ಕನನ್ನೋ ಹ್ಯಾಂಡಲ್ ಹಿಡಿದುಕೊಳ್ಳಲು ಹೇಳಿ, ನೀವು ಸೀಟನ್ನು ಒಮ್ಮೆ ಒತ್ತಿ ಬಿಡಿ. ಎಷ್ಟು ಸಲ ತೂಗಾಡಿತು ಎಂದು ಎಣಿಸಿ. ಒಂದಕ್ಕಿಂತ ಹೆಚ್ಚಾದರೆ ಅವರಿಗೆ ಹೇಳಿ. ಸೋಮವಾರ ಬೆಳಿಗ್ಗೆ ಅದೇ ಸ್ಕೂಟರಿನಲ್ಲಿ ರಾಯಚೂರಿಗೆ ಹೊರಡುವವರು ಅವರೇ ಅಲ್ಲವೇ?