ಕಣ್ಣಿದ್ದೂ ಕುರುಡಾದ ಕ್ಯಾಮರಾ
(ಮಾವಳ್ಳಿಯ ಯುವಕರ ಸಭೆಯಲ್ಲಿ ಆಡಿದ ಮಾತು)



ಲಾಲ್‌ಬಾಗ್ ಗೇಟಿನಿಂದ ಇಲ್ಲಿಗೆ ತಲೆ ಎತ್ತಿ ನೋಡುತ್ತಲೇ ನಡೆದು ಬಂದೆ. ಅಂಗಡಿಗೊಂದು, ಮನೆಗೊಂದು ಕ್ಯಾಮರಾ! ಒಳ್ಳೆಯದೇ. ಆದರೆ ಅದರ ಗಡಿಯಾರ ಈಗ ಎಷ್ಟು ಗಂಟೆ ತೋರಿಸುತ್ತಿದೆ ಅಂತ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ... ಇಬ್ಬರೇ!

2013ರ ನವೆಂಬರ್ 19 ನೆನಪಿಸಿಕೊಳ್ಳಿ. ಇಲ್ಲೇ ಹತ್ತಿರದ ಕಾರ್ಪೊರೇಷನ್ ವೃತ್ತ. ಬೆಳಗ್ಗೆ ಎಟಿಎಂಗೆ ಹೋದ ಹೆಣ್ಣುಮಗಳೊಬ್ಬಳ ಹಿಂದೆಯೇ ನುಗ್ಗಿದವನು ಷಟರ್ ಎಳೆದು ಮಚ್ಚು ಬೀಸಿದ. ಕ್ಯಾಮರಾ ಹಿಡಿಯಿತು, ಅವನ ಮುಖವನ್ನು ದೇಶವೇ ನೋಡಿತು. ಆದರೂ ಆಸಾಮಿ ಸಿಕ್ಕಿದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ! ಶಿಕ್ಷೆಯಾದದ್ದು 2021ರಲ್ಲಿ. ಮುಖ ಕಂಡಿದ್ದಾಗಲೇ ಮೂರು ವರ್ಷದ ಮೇಲೆ ಹಿಡಿಯಿತು. ನಿಮ್ಮ ಕ್ಯಾಮರಾದಲ್ಲಿ ಕಳ್ಳ ಬೂದುಬಣ್ಣದ ಮುದ್ದೆಯಂತೆ ಕಂಡರೆ ಗತಿಯೇನು?

ನನ್ನ ಕಥೆಯನ್ನೇ ಕೇಳಿ. ಮನೆ ಮುಂದಿನ ಬೈಕು ಹೋಯಿತು. ನಾಯಿ ಬೊಗಳಿದ್ದು ಬೆಳಗಿನ ಜಾವ ನಾಲ್ಕಕ್ಕೆ. ಕಂಪ್ಯೂಟರಿನಲ್ಲಿ ನಾಲ್ಕು ಗಂಟೆ ತೆರೆದರೆ ಬೈಕು ನಿಂತೇ ಇದೆ, ರಸ್ತೆ ಖಾಲಿ! ಕ್ಯಾಮರಾ ಹಾಕಿದ ಹುಡುಗ ಕಾರ್ಖಾನೆಯ ಚೀನಾ ಸಮಯವನ್ನೇ ಬಿಟ್ಟುಹೋಗಿದ್ದ. ಅದು ನಮಗಿಂತ ಎರಡೂವರೆ ಗಂಟೆ ಮುಂದು. ಯಂತ್ರದ ಲೆಕ್ಕದಲ್ಲಿ ಕಳ್ಳತನ ನಡೆದದ್ದು ಆರೂವರೆಗೆ. ಇದು ನನ್ನ ದಡ್ಡ ತಲೆಗೆ ಹೊಳೆಯುವಷ್ಟರಲ್ಲಿ ವಾರ ಕಳೆದಿತ್ತು. ಡಿಸ್ಕ್ ತುಂಬಿ, ಹೊಸ ಚಿತ್ರ ಹಳೆಯದನ್ನು ಅಳಿಸಿಹಾಕಿತ್ತು.

ಯಾಕೆ ಅಳಿಸಿತು? ಲೆಕ್ಕ ಹಾಕಿ. ಒಂದು ಕ್ಯಾಮರಾ ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ದಿನಕ್ಕೆ 43 ಜಿಬಿ. ನಾಲ್ಕು ಕ್ಯಾಮರಾ, 1 ಟಿಬಿ ಡಿಸ್ಕ್ ಆದರೆ ಆರು ದಿನವೂ ಬಾಳುವುದಿಲ್ಲ! ಹೆಚ್ಚು ಜನ ಸೇರುವ ಸಂಸ್ಥೆಗಳು 30 ದಿನದ ಚಿತ್ರ ಉಳಿಸಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತೆಯ ಕಾಯಿದೆಯೇ ಹೇಳುತ್ತದೆ. ಹಾಗಾದರೆ ಏನು ಮಾಡಬೇಕು? ಕ್ಯಾಮರಾದಲ್ಲಿದ್ದರೆ ಎಚ್.264 ಬಿಟ್ಟು ಎಚ್.265 ಆರಿಸಿ. ಸೆಕೆಂಡಿಗೆ 25 ಚಿತ್ರ ಬೇಡ, 12 ಸಾಕು. ಜೊತೆಗೆ ಬಿಟ್‌ರೇಟನ್ನೂ ಇಳಿಸಿ. ಅದನ್ನು ಹಾಗೇ ಬಿಟ್ಟು ಚಿತ್ರದ ಸಂಖ್ಯೆ ಮಾತ್ರ ಇಳಿಸಿದರೆ ಜಾಗ ಉಳಿಯುವುದಿಲ್ಲ. ಇಲ್ಲೇ ಬಹಳ ಜನ ಎಡವುವುದು. ಚಲನೆ ಕಂಡಾಗ ಮಾತ್ರ ಬರೆಯುವ ಏರ್ಪಾಡಿದ್ದರೆ, ಅಲುಗಾಡುವ ಮರದ ಕೊಂಬೆಯನ್ನೂ ಬಸ್ಸು ಓಡಾಡುವ ರಸ್ತೆಯನ್ನೂ ಗೆರೆ ಎಳೆದು ಹೊರಗಿಡಿ. ನಿಮ್ಮ ಬಾಗಿಲು, ನಿಮ್ಮ ಗಲ್ಲಾಪೆಟ್ಟಿಗೆ ಮಾತ್ರ ಗೆರೆಯೊಳಗಿರಲಿ.

ರಾತ್ರಿಯ ಸಂಗತಿ ಬೇರೆ. ಕತ್ತಲಾದರೆ ಷಟರ್ ತಾನಾಗಿ ನಿಧಾನವಾಗುತ್ತದೆ. ನಿಂತ ಗೋಡೆ ಚೆನ್ನಾಗಿ ಕಾಣುತ್ತದೆ, ನಡೆಯುವ ಮನುಷ್ಯ ಮಾತ್ರ ಹೊಗೆಯಾಗುತ್ತಾನೆ. ನಮಗೆ ಬೇಕಾದದ್ದು ಗೋಡೆಯೇ? ಸೆಕೆಂಡಿನ 50ನೇ ಒಂದು ಭಾಗಕ್ಕಿಂತ ನಿಧಾನವಾಗದಂತೆ ಅದನ್ನು ಕಟ್ಟಿಹಾಕಿ. ಚಿತ್ರ ಕಪ್ಪಾದರೆ ಬಾಗಿಲಿಗೊಂದು ಬಲ್ಬು ಹಾಕಿ, ಅಗ್ಗದ ಉಪಾಯ!

ಇನ್ನು ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಎಂಬ ಕೇಡಿನ ಪ್ರೋಗ್ರಾಂ, ಕಾರ್ಖಾನೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮರಾ, ರೆಕಾರ್ಡರ್‌ಗಳ ದಂಡು ಕಟ್ಟಿ ಆ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಟ್ವಿಟರನ್ನೇ ಅಲುಗಿಸಿತು. ಕಾವಲಿಗೆ ಕಟ್ಟಿದ ನಾಯಿ ಕಳ್ಳನ ಹಿಂದೆ ಬಾಲ ಅಲ್ಲಾಡಿಸಿಕೊಂಡು ಹೋದ ಹಾಗೆ! ಹುಡುಗ ಹಾಕಿದ ಪಾಸ್‌ವರ್ಡನ್ನು ಅವನು ಮೆಟ್ಟಿಲಿಳಿದ ಕೂಡಲೇ ಬದಲಿಸಿ. ಮೆನು ಇಂಗ್ಲಿಷಿನಲ್ಲಿದ್ದರೆ ಅಂಜಬೇಡಿ. ಇಳಿಯುವ ಮೊದಲೇ ಅವನ ಕೈಲಿ ಒಂದೊಂದನ್ನೂ ಕನ್ನಡದಲ್ಲಿ ಹೇಳಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಒಂದು ಮಾತು ಮರೆತೆ. ನಮ್ಮ ಓಣಿಗಳಲ್ಲಿ ಎದುರುಮನೆಯ ಕಿಟಕಿ ಕೈಗೆಟುಕುವಷ್ಟು ಹತ್ತಿರ. ಆ ಕಿಟಕಿಯ ಮೇಲೆ ಕಪ್ಪು ಪಟ್ಟಿ ಎಳೆಯುವ ಸೌಲಭ್ಯ ಎಷ್ಟೋ ಕ್ಯಾಮರಾಗಳಲ್ಲೇ ಇದೆ. ಅಕ್ಕಪಕ್ಕದ ತಾಯಂದಿರು ಬಂದು ಕೇಳುವವರೆಗೆ ಕಾಯಬೇಡಿ.

ಸರಿ, ಮಾತು ಸಾಕು. ಕಾಫಿ ಕುಡಿದು ಯಾರದಾದರೂ ಅಂಗಡಿಗೆ ಹೋಗೋಣ. ಮೊದಲು ಗಡಿಯಾರ ನೋಡೋಣ.