ಪದವಿಯೋ, ದುಡಿಮೆಯೋ?

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ಮಾನ್ವಿ, ದೇವದುರ್ಗಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆಯು ಏಳುವುದು: ಮಗನನ್ನು ಮುಂದೆ ಓದಿಸುವುದೋ, ಕೆಲಸಕ್ಕೆ ಹಚ್ಚುವುದೋ? ವಿದ್ಯೆ ಹೆಚ್ಚೋ ಧನ ಹೆಚ್ಚೋ ಎಂಬ ಚರ್ಚಾಕೂಟದ ವಿಷಯವಲ್ಲ ಇದು. ಸಾಲದ ಹೊರೆಯಿರುವ ಮನೆಗೆ ಮೂರು ವರ್ಷಗಳ ಗಳಿಕೆಯೆಂಬುದು ಅಲ್ಪವಾದ ಮಾತಲ್ಲ.

ನಮ್ಮ ಹಿರಿಯರಲ್ಲಿ ಬಹುಮಂದಿಗೆ ಈ ಆಯ್ಕೆಯೇ ಇರಲಿಲ್ಲ. ಮಾನ್ವಿಯು ನಿಜಾಮರ ಸಂಸ್ಥಾನದಲ್ಲಿದ್ದಾಗ, 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ಬೋಧಿಸುತ್ತಿದ್ದಿತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣವೀಯುವ ಆ ಪ್ರಯತ್ನವು ಸ್ತುತ್ಯವೇ ಸರಿ. ಆದರೆ ಕನ್ನಡದ ಹುಡುಗನಿಗೆ ಊರೂ ದೂರ, ಭಾಷೆಯೂ ದೂರ. ಗುಲ್ಬರ್ಗಾ ವಿಶ್ವವಿದ್ಯಾಲಯವು ಹುಟ್ಟಿದುದು 1980ರಲ್ಲಿ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು 2008ರಲ್ಲಿ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿಯ ಬಲದಿಂದ ಈ ಪ್ರದೇಶದ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳು ಇಲ್ಲಿಯವರಿಗೆ ಮೀಸಲಾದುವು. ಸರಕಾರಿ ಹುದ್ದೆಗಳಲ್ಲಿಯೂ ದೊಡ್ಡ ಪಾಲು ದೊರೆಯಿತು. ಆದರೆ ಪದವಿಯಿಲ್ಲದವನು ಪದವೀಧರನ ಹುದ್ದೆಗೆ ಅರ್ಜಿಯನ್ನೇ ಹಾಕಲಾರನು. ಹಾಗೆ ನೋಡಿದರೆ, ಓದನ್ನು ಬಿಡುವುದೆಂದರೆ ಬಹುಕಾಲದ ಮೇಲೆ ಕೈಗೆ ಬಂದುದನ್ನು ಬಿಟ್ಟುಕೊಟ್ಟಂತೆಯೇ.

ಇದರ ಮತ್ತೊಂದು ಮಗ್ಗುಲನ್ನೂ ಕಾಣಬೇಕು. ಗುರಿಯಿಲ್ಲದೆ ಪಡೆದ ಪದವಿಯು ಅನ್ನವನ್ನು ಕೊಡದು. ಪದವಿಯಾದ ಮೇಲೆ ಧಾರವಾಡದಲ್ಲಿ ಬಾಡಿಗೆಯ ಕೋಣೆ ಹಿಡಿದು, ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುತ್ತ ವಯಸ್ಸನ್ನು ಕಳೆಯುವ ತರುಣರನ್ನು ನಾವೆಲ್ಲರೂ ಬಲ್ಲೆವು. ಅತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಬತ್ತದ ಗದ್ದೆಗಳಿವೆ, ಅಕ್ಕಿಯ ಗಿರಣಿಗಳಿವೆ. ಯಂತ್ರವನ್ನು ಬಲ್ಲವನಿಗೆ ಅಲ್ಲಿ ಕೆಲಸವುಂಟು.

ಆದುದರಿಂದ ಕೇಳಬೇಕಾದ ಪ್ರಶ್ನೆಯು ಬೇರೆ: ಈ ದಾರಿಯಲ್ಲಿ ನಡೆದವನು ಮತ್ತೆ ಓದಿಗೆ ಮರಳಬಹುದೇ? ಐ.ಟಿ.ಐ.ಯಲ್ಲಿ ಎರಡು ವರ್ಷದ ಕಸುಬನ್ನು ಕಲಿತವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಬಹುದು. ದುಡಿಯುತ್ತಲೇ ಪದವಿ ಪಡೆಯಬೇಕೆನ್ನುವವರಿಗೆ 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಮುಕ್ತ ವಿಶ್ವವಿದ್ಯಾಲಯವಿದೆ. ಇಂಥ ದುಡಿಮೆಗೆ ಮೆಟ್ಟಲುಗಳುಂಟು. ಮೂಟೆ ಹೊರುವ ದಿನಗೂಲಿಗೆ ಮೆಟ್ಟಲುಗಳಿಲ್ಲ. ಇಪ್ಪತ್ತರಲ್ಲಿ ಹೆಚ್ಚೆನಿಸಿದ ಕೂಲಿಯು ನಲವತ್ತರಲ್ಲಿ ಬೆನ್ನುನೋವಾಗಿ ಉಳಿದೀತು.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಅಭಿಪ್ರಾಯವು ಇನ್ನೂ ಖಚಿತವಾದುದು. ಓದು ನಿಂತ ಹುಡುಗಿಯ ಮುಂದೆ ಅನೇಕ ಮನೆಗಳಲ್ಲಿ ನಿಲ್ಲುವುದು ಉದ್ಯೋಗವಲ್ಲ, ಮದುವೆ. ಆಕೆ ತರಗತಿಗೆ ಮರಳುವುದು ವಿರಳ. ಸಂದೇಹವಿದ್ದಲ್ಲಿ ಆಕೆಯನ್ನು ಓದಿಸುವುದೇ ಮೇಲು.

ಉಳಿದಂತೆ, ತಂದೆತಾಯಿಗಳು ನಿರ್ಣಯಕ್ಕೆ ಮುನ್ನ ಮೂರು ವಿಷಯಗಳನ್ನು ವಿಚಾರಿಸಲಿ: ಈ ಓದು ಯಾವ ಕೆಲಸಕ್ಕೆ ಒಯ್ಯುವುದು? ವಿದ್ಯಾರ್ಥಿವೇತನವೂ ವಿದ್ಯಾರ್ಥಿನಿಲಯವೂ ದೊರೆತರೆ ಆ ಮೂರು ವರ್ಷ ಮನೆಯು ನಡೆದೀತೇ? ಇಂದು ಓದನ್ನು ಬಿಟ್ಟರೆ ನಾಳೆ ಮರಳುವ ದಾರಿ ಯಾವುದು? ನಾಲ್ಕನೆಯ ಪ್ರಶ್ನೆಯೊಂದುಂಟು, ಅದನ್ನು ಮಗನನ್ನೇ, ಮಗಳನ್ನೇ ಕೇಳಬೇಕು: ನಿನ್ನ ಮನಸ್ಸು ಯಾವುದರಲ್ಲಿದೆ?